ಹಾಲು ಬಿಡುವ ತನಕ

ಹೂಂ ಅನ್ನುವವರು ಇದ್ದರೆ ಇದು ಕಥೆ. ಇಲ್ಲದಿದ್ದರೆ ಬರೀ ಗಾಳಿ. ಆದ್ದರಿಂದ ಹೂಂ ಅನ್ನಿ.

ಬೆಳಗ್ಗೆ ಎಲ್ಲರೂ ಮಣ್ಣಿನ ಹತ್ತಿರ ಹೋಗಿ ಹಾಲು ತುಪ್ಪ ಬಿಟ್ಟು ಬಂದಿದ್ದೀರಿ. ಒಳಗೆ ಅನ್ನ ಬೇಯುತ್ತಿದೆ. ಅದು ಬೇಯುವ ತನಕ ಸುಮ್ಮನೆ ಕೂತರೆ ಮನಸ್ಸು ಮತ್ತೆ ಅಲ್ಲಿಗೇ ಹೋಗುತ್ತದೆ. ಅದಕ್ಕೇ ಹೇಳುತ್ತೇನೆ, ಕೇಳಿ. ಕಂಬಕ್ಕೆ ಒರಗಿ ಕೂತ ತಾಯಿ, ನೀನೂ ಕೇಳು. ನೀನು ಹೂಂ ಅನ್ನಬೇಕಾಗಿಲ್ಲ. ನಿನ್ನ ಪಾಲಿನ ಹೂಂ ಬೇರೆಯವರು ಅನ್ನಲಿ.

ಒಂದು ಸೀಮೆ. ಯಾವ ಸೀಮೆ ಅಂತ ಕೇಳಬೇಡಿ. ಅಲ್ಲಿಗೆ ಹೋದವರು ಯಾರೂ ಹೆಸರು ಕೇಳಿಕೊಂಡು ಬರಲಿಲ್ಲ. ಆ ಸೀಮೆಯಲ್ಲಿ ಒಂದು ಊರು. ಆ ಊರಿನಲ್ಲಿ ಸಣ್ಣೀರವ್ವ ಅಂತ ಒಬ್ಬ ಮುದುಕಿ. ಸಣ್ಣೀರವ್ವನಿಗೆ ಒಬ್ಬಳೇ ಮಗಳು, ದೇವೀರಿ. ಕೊಟ್ಟಿಗೆಯಲ್ಲಿ ಒಂದೇ ಎಮ್ಮೆ, ಸುರುಳಿ. ಕೊಂಬು ಎರಡೂ ಕಿವಿಯ ಹಿಂದಕ್ಕೆ ಸುತ್ತಿಕೊಂಡಿದ್ದವು, ಅದಕ್ಕೇ ಆ ಹೆಸರು.

ದೇವೀರಿಯ ಗಂಡ ಮದುವೆಯಾದ ವರ್ಷವೇ ಹಾವು ಕಚ್ಚಿ ಹೋದ. ಬಸುರಿ ಹೆಂಗಸು ತಾಯಿ ಮನೆಗೆ ಬಂದಳು. ಬಂದವಳು ಒಂದು ಹೆಣ್ಣು ಮಗು ಹೆತ್ತಳು. ಅದೇ ವಾರ ಕೊಟ್ಟಿಗೆಯಲ್ಲಿ ಸುರುಳಿಯೂ ಕರು ಹಾಕಿತು. ಗೋಡೆಯ ಆಚೆ ಒಬ್ಬಳು ಬಾಣಂತಿ, ಈಚೆ ಒಬ್ಬಳು ಬಾಣಂತಿ. ಸಣ್ಣೀರವ್ವ ಇಬ್ಬರಿಗೂ ನೀರು ಕಾಯಿಸಿದಳು, ಇಬ್ಬರಿಗೂ ಕಷಾಯ ಮಾಡಿದಳು, ಇಬ್ಬರಿಗೂ ದೃಷ್ಟಿ ತೆಗೆದಳು. ಸೊಂಟ ನೋಯುತ್ತದೆ ಅಂತ ಒಂದು ದಿನವೂ ಅನ್ನಲಿಲ್ಲ.

ಒಂಬತ್ತನೇ ದಿನ ದೇವೀರಿಗೆ ಜ್ವರ ಬಂತು. ಬೆಳಗ್ಗೆ ಬಂದ ಜ್ವರ ಸಂಜೆಗೆ ಅವಳನ್ನು ಕರೆದುಕೊಂಡೇ ಹೋಯಿತು. ಹೊಲದ ಬದುವಿನಲ್ಲಿ, ಹೊಂಗೆ ಮರದ ಕೆಳಗೆ ಮಣ್ಣು ಮಾಡಿದರು. ಮೇಲೆ ಗುಡ್ಡೆ ಏರಿಸಿದರು.

ಆ ಊರಿನಲ್ಲಿ ಎರಡು ಕಟ್ಟಳೆ ಇದ್ದವು. ಒಂದು, ನಮ್ಮ ಹಾಗೆಯೇ, ಮೂರನೇ ದಿನ ಗುಡ್ಡೆಯ ಮೇಲೆ ಹಾಲು ಬಿಡುವುದು. ಯಾಕೆ ಬಿಡಬೇಕು ಅಂತ ಅವರಿಗೂ ಗೊತ್ತಿರಲಿಲ್ಲ, ನಿಮಗೂ ಗೊತ್ತಿಲ್ಲ. ಇನ್ನೊಂದು ಅವರದೇ. ಗುಡ್ಡೆ ತಗ್ಗುವ ತನಕ ಸೂತಕ. ಏರಿಸಿದ ಮಣ್ಣು ತಾನಾಗಿ ಇಳಿದು ನೆಲದ ಸಮಕ್ಕೆ ಬರಬೇಕು. ಅಲ್ಲಿಯವರೆಗೆ ಆ ಮನೆಯ ಮುಂದೆ ಚಪ್ಪರ ಏಳುವಂತಿಲ್ಲ, ಒಲೆಯ ಮೇಲೆ ಒಬ್ಬಟ್ಟು ಬೇಯುವಂತಿಲ್ಲ, ತಲೆಗೆ ಹೂವು ಇಲ್ಲ. ನೆಲ ಸಮವಾಯಿತೋ, ಹೋದವರು ತಲುಪಿದರು ಅಂತ. ಒಂದು ಮಳೆಗಾಲ ಸಾಕಾಗುತ್ತಿತ್ತು. ಹೆಚ್ಚೆಂದರೆ ಎರಡು.

ಮೂರನೇ ದಿನ ಬೆಳಗಾಯಿತು. ಜನ ಅಂಗಳದಲ್ಲಿ ಸೇರಿದರು. ಸಣ್ಣೀರವ್ವ ಹಾಲು ಕರೆಯಲು ಕೊಟ್ಟಿಗೆಗೆ ಹೋದಳು. ಹೋಗಿ ನೋಡಿದರೆ ಕರು ಕಾಲು ಚಾಚಿ ಬಿದ್ದಿತ್ತು. ಉಸಿರಿಲ್ಲ. ಸುರುಳಿ ಅದನ್ನು ನೆಕ್ಕುತ್ತಿತ್ತು.

ಎಮ್ಮೆಯ ಗುಣ ನಿಮಗೆ ಗೊತ್ತು. ಹಸುವನ್ನಾದರೂ ಬೆಲ್ಲ ಕೊಟ್ಟು ಬೆನ್ನು ಸವರಿ ಒಪ್ಪಿಸಬಹುದು. ಎಮ್ಮೆ ಒಪ್ಪುವುದಿಲ್ಲ. ಕರುವಿನ ಮೂತಿ ಕೆಚ್ಚಲಿಗೆ ತಾಗಬೇಕು, ಕರುವಿನ ವಾಸನೆ ಮೂಗಿಗೆ ಬರಬೇಕು, ಆಮೇಲೆ ಹಾಲು ಬಿಡುತ್ತದೆ. ಸತ್ತ ಕರುವನ್ನು ಎಳೆದು ಹಾಕಿ ಸಣ್ಣೀರವ್ವ ಚೆಂಬು ಹಿಡಿದು ಕೂತಳು. ಸುರುಳಿ ಒದೆಯಿತು. ಮತ್ತೆ ಕೂತಳು. ಮತ್ತೆ ಒದೆಯಿತು. ಮೂರನೇ ಸಲ ಕೂತಳು. ಚೆಂಬು ಗೋಡೆಗೆ ಹೋಗಿ ಬಡಿಯಿತು.

ಒಳಗೆ ಮಗು ಅಳುತ್ತಿದೆ. ಹೊರಗೆ ಜನ ಕಾಯುತ್ತಿದ್ದಾರೆ. ಊರಿನ ಬೇರೆ ದನವೆಲ್ಲ ಬತ್ತಿ ನಿಂತ ಬೇಸಿಗೆ ಅದು. ಹಾಲು ಎಲ್ಲಿಂದ ಬಂದೀತು? ಹಿರಿಯರು, ಈಗ ನೀರು ಬಿಡವ್ವ, ಹಾಲು ಆಮೇಲೆ ಬಿಡುವೆಯಂತೆ ಅಂದರು. ಅವಳು ಗುಡ್ಡೆಯ ಮೇಲೆ ನೀರು ಬಿಟ್ಟಳು. "ಹಾಲು ಆಮೇಲೆ ಕಣವ್ವ," ಅಂತ ಮಣ್ಣಿಗೆ ಹೇಳಿ ಮನೆಗೆ ಓಡಿದಳು.

ಹೂಂ ಅನ್ನಿ.

ಊರ ಅಂಚಿನಲ್ಲಿ ದುರುಗಜ್ಜ ಅಂತ ಒಬ್ಬ ಇದ್ದ. ತೊಗಲು ಹದ ಮಾಡುವವನು. ಸಣ್ಣೀರವ್ವ ಅವನ ಮುಂದೆ ಹೋಗಿ ನಿಂತಳು. ಬಾಯಿ ಬಿಟ್ಟು ಹೇಳುವ ಮೊದಲೇ ಅವನಿಗೆ ಅರ್ಥವಾಯಿತು. ಬಂದು ಕರುವಿನ ತೊಗಲು ಬಿಚ್ಚಿದ. ಉಪ್ಪು ಉಜ್ಜಿದ. ಬಿಸಿಲಿಗೆ ಹರಡಿದ. ಆ ಒಂದು ದಿನ ಮಗುವಿಗೆ ಬೆಲ್ಲದ ನೀರೇ ಗತಿ. ಮಾರನೇ ದಿನ ತೊಗಲಿನೊಳಗೆ ರಾಗಿ ಹುಲ್ಲು ತುಂಬಿ, ಕಾಲಿಗೆ ನಾಲ್ಕು ಕೋಲು ಕೊಟ್ಟು, ಹೊಟ್ಟೆ ಹೊಲಿದು ನಿಲ್ಲಿಸಿದ. ದೂರದಿಂದ ನೋಡಿದರೆ ಕರು. ಹತ್ತಿರದಿಂದ ನೋಡಿದರೆ ಹುಲ್ಲು. ಮೂಗಿಗೆ ಮಾತ್ರ ಎಲ್ಲಿಂದ ನೋಡಿದರೂ ಕರು.

"ತಾಯಿ, ಇದು ಎಮ್ಮೆಗೆ ಹೇಳೋ ಸುಳ್ಳು," ಅಂದ ದುರುಗಜ್ಜ. "ಆರು ತಿಂಗಳು ನಡೀತದೆ. ಆಮೇಲೆ ಹುಳ ಬರ್ತದೆ. ಬಂದಾಗ ತಡೀಬ್ಯಾಡ. ಅಷ್ಟೊತ್ತಿಗೆ ಕೂಸು ಗಂಜಿಗೆ ಬಂದಿರ್ತದೆ."

ಪಕ್ಕದ ಮನೆಯ ಬೋರಕ್ಕ ಗೋಡೆಯ ಮೇಲಿಂದ ಇಣುಕಿ ನೋಡಿದಳು. ಅವಳ ನಾಲಿಗೆಗೆ ಸಾವಿನ ಮನೆ, ಮದುವೆ ಮನೆ ಅಂತ ಭೇದ ಇರಲಿಲ್ಲ. "ಒಳ್ಳೆ ಕರು ಕಣೆ ಸಣ್ಣೀರಿ. ಮೇವು ಕೇಳಲ್ಲ, ಸಗಣಿ ಹಾಕಲ್ಲ, ಹೇಳಿದ ಕಡೆ ನಿಂತಿರ್ತದೆ. ನನ್ನ ಗಂಡ ಹಿಂಗಿದ್ದಿದ್ರೆ ನಾನು ರಾಣಿ ಹಂಗೆ ಬಾಳ್ತಿದ್ದೆ." ಸಣ್ಣೀರವ್ವನಿಗೆ ಅಷ್ಟು ದುಃಖದಲ್ಲೂ ನಗು ಬಂತು. ಈ ಮಾತು ನೆನಪಿಟ್ಟುಕೊಳ್ಳಿ. ಮುಂದೆ ಇದು ಇನ್ನೊಂದು ಸಲ ಬರುತ್ತದೆ.

ಆದರೆ ನಾನು ಒಂದು ದಿನ ಮುಂದೆ ಹೋದೆ. ತೊಗಲು ಬಿಸಿಲಿನಲ್ಲಿ ಒಣಗುತ್ತಿದ್ದ ದಿನಕ್ಕೆ ಹಿಂದೆ ಬನ್ನಿ.

ನಡು ಮಧ್ಯಾಹ್ನ. ಸಣ್ಣೀರವ್ವ ಕಾಗೆ ಓಡಿಸುತ್ತ ತೊಗಲಿನ ಪಕ್ಕ ಕೂತಿದ್ದಳು. ತೊಗಲಿನ ಅಂಚಿನಲ್ಲಿ ಏನೋ ಅಲ್ಲಾಡಿತು. ಬಗ್ಗಿ ನೋಡಿದಳು. ಒಂದು ಹುಳ. ಹುರುಳಿ ಕಾಳಿಗಿಂತ ಚಿಕ್ಕದು. ಬೆನ್ನು ಮಾಸಲು ಕಂದು, ಮೇಲೆ ನವಿರಾದ ಕೂದಲು, ತಲೆ ಸದಾ ನೆಲ ನೋಡುವ ಹಾಗೆ ಬಗ್ಗಿದೆ. ನೀವೂ ನೋಡಿದ್ದೀರಿ. ಸತ್ತ ಇಲಿಯ ಕೆಳಗೆ, ಬಿದ್ದ ಹಕ್ಕಿಯ ಕೆಳಗೆ ಇರುತ್ತದೆ. ನೋಡಿ ಮುಖ ತಿರುಗಿಸಿದ್ದೀರಿ, ಅದಕ್ಕೇ ಅದಕ್ಕೆ ನೀವು ಹೆಸರಿಡಲಿಲ್ಲ.

"ಇದು ನಮ್ಮದು," ಅಂದಿತು ಹುಳ.

ಸಣ್ಣೀರವ್ವ ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟಳು. ಹುಳ ತನ್ನ ಕುಲದ ರೀತಿಯನ್ನು ಬಿಡಿಸಿ ಹೇಳಿತು. ಮೊದಲ ಪಂಕ್ತಿಗೆ ನೊಣ ಕೂರುತ್ತದೆ. ಎರಡನೇ ಪಂಕ್ತಿಗೆ ಇರುವೆ, ದೊಡ್ಡ ಹುಳಗಳು. ಎಲ್ಲರೂ ಉಂಡು ಎದ್ದ ಮೇಲೆ ಕೊನೆಯ ಪಂಕ್ತಿ ಇವರದು. ತೊಗಲಿನ ಚೂರು, ಎಲುಬಿಗೆ ಅಂಟಿದ ಪೊರೆ, ಮಣ್ಣಿಗೆ ಇಳಿದ ತೇವ. ಯಾರಿಗೂ ಬೇಡವಾದದ್ದು ಇವರ ಎಲೆಗೆ. ಇವರು ಉಂಡು ಎದ್ದರೆ ಎಲೆ ಖಾಲಿ. ಆಗ ಮಣ್ಣು ಮಣ್ಣಾಗುತ್ತದೆ, ಗುಡ್ಡೆ ತಗ್ಗುತ್ತದೆ.

ಸಣ್ಣೀರವ್ವ ಕೈ ಮುಗಿದಳು. ಹುಳಕ್ಕೆ ಕೈ ಮುಗಿದವರನ್ನು ನೀವು ಕಂಡಿದ್ದೀರಾ? ಅವಳು ಮುಗಿದಳು. ಮಗುವಿನ ಕಥೆ ಹೇಳಿದಳು, ಮಗಳ ಕಥೆ ಹೇಳಿದಳು, ಚೆಂಬಿನ ಕಥೆ ಹೇಳಿದಳು. ಸ್ವಲ್ಪ ದಿನ ಈ ತೊಗಲು ಮುಟ್ಟಬೇಡಿ ಅಂತ ಬೇಡಿಕೊಂಡಳು.

"ಎಲ್ಲಿಯ ತನಕ?" ಅಂತ ಕೇಳಿತು ಹುಳ.

ಈಗ ಕಿವಿ ಇಟ್ಟು ಕೇಳಿ. ಕಥೆಯೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

"ಹಾಲು ಬಿಡೋ ತನಕ," ಅಂದಳು ಸಣ್ಣೀರವ್ವ.

ಹುಳ ಆ ಮಾತನ್ನು ಬಾಯಲ್ಲಿ ಹಿಡಿದು ನೋಡಿತು. "ಸರಿ. ಆದರೆ ಒಂದು ಚೂರು ಬಿಟ್ಟು ಇನ್ನೊಂದು ಚೂರು ತಿನ್ನುವುದು ನಮ್ಮ ಕುಲಕ್ಕೆ ಗೊತ್ತಿಲ್ಲ. ನಾವು ನಿಂತರೆ ಈ ಊರಿನ ಗಡಿಯೊಳಗೆ ಎಲ್ಲಕ್ಕೂ ನಿಲ್ಲುತ್ತೇವೆ. ಕೊನೆಯ ಪಂಕ್ತಿ ಕೂರದಿದ್ದರೆ ಮೊದಲ ಪಂಕ್ತಿಯೂ ಕೂರುವುದಿಲ್ಲ. ಹೊಂಗೆ ಮರದ ಕೆಳಗೆ ಇರುವವಳಿಗೂ ಇದೇ ಮಾತು."

ಸಣ್ಣೀರವ್ವ ಹೊಂಗೆ ಮರದ ಕಡೆ ತಿರುಗಿ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು. "ಅವಳು ಹಂಗೇ ಇರ್ತಾಳಾ?"

"ಇಟ್ಟ ಹಾಗೆ ಇರುತ್ತಾಳೆ."

"ಹಂಗಾದ್ರೆ ಸರಿ," ಅಂದಳು. ಮಗುವಿಗಾಗಿ ಅಂದಳೋ, ಮಗಳಿಗಾಗಿ ಅಂದಳೋ, ಅವತ್ತು ಅವಳಿಗೇ ಗೊತ್ತಿರಲಿಲ್ಲ.

ಮಾರನೇ ಸಂಜೆ ಹುಲ್ಲಿನ ಕರುವನ್ನು ಸುರುಳಿಯ ಮುಂದೆ ನಿಲ್ಲಿಸಿದರು. ಸುರುಳಿ ಮೂಸಿತು. ಹಿಂದೆ ಸರಿಯಿತು. ಮತ್ತೆ ಮೂಸಿತು. ಮೂರನೇ ಸಲ ಮೂಸಿ, ನಾಲಿಗೆ ಚಾಚಿ ಅದರ ಹಣೆ ನೆಕ್ಕಿತು. ಕೆಚ್ಚಲು ಇಳಿಯಿತು. ಚೆಂಬಿನಲ್ಲಿ ಹಾಲು ಸದ್ದು ಮಾಡಿತು. ಸಣ್ಣೀರವ್ವ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಒಳಲೆಯಲ್ಲಿ ಹಾಲು ಕುಡಿಸಿದಳು. ಒಳಲೆ ಗೊತ್ತಲ್ಲ, ಮೂತಿ ಇರುವ ಪುಟ್ಟ ಬಟ್ಟಲು, ತಾಯಿಯಿಲ್ಲದ ಮಗುವಿಗೆ ಅದೇ ಮೊಲೆ. ಮಗು ಕುಡಿಯಿತು, ತೇಗಿತು, ಮಲಗಿತು. ಅದಕ್ಕೆ ಚೆನ್ನಿ ಅಂತ ಹೆಸರಿಟ್ಟಳು.

ಮರುದಿನ ಬೆಳಗ್ಗೆ ಹೊಸಿಲ ಮೇಲೆ ಹುಳ.

"ಎಮ್ಮೆ ಹಾಲು ಬಿಟ್ಟಿತು. ಮಾತು ಮುಗಿಯಿತು," ಅಂದಿತು.

ಸಣ್ಣೀರವ್ವ ಹೊಸಿಲ ಮುಂದೆ ಕುಕ್ಕರಿಸಿದಳು. "ಅಯ್ಯೋ, ಆ ಹಾಲು ಬಿಡೋದಲ್ಲ ನಾನು ಹೇಳಿದ್ದು. ಮಗು ಹಾಲು ಬಿಡೋ ತನಕ. ಅದು ಅನ್ನಕ್ಕೆ ಬಂದು ಹಾಲು ಸಾಕು ಅನ್ನೋ ತನಕ."

ಹುಳ ಯೋಚಿಸಿತು. ಅದು ಮಾತಿನಲ್ಲಿ ಬಹಳ ಕಟ್ಟುನಿಟ್ಟು. "ಯಾವ ಹಾಲು ಅಂತ ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ತಪ್ಪು ಇಬ್ಬರದು," ಅಂತ ಬಂದ ದಾರಿಯಲ್ಲೇ ಹೋಯಿತು.

ಹೂಂ.

ದಿನ ಹೋಯಿತು, ತಿಂಗಳು ಹೋಯಿತು, ವರ್ಷ ಹೋಯಿತು. ಆ ಊರಿನಲ್ಲಿ ಏನೂ ಕೊಳೆಯಲಿಲ್ಲ.

ಮೊದಮೊದಲು ಜನಕ್ಕೆ ಖುಷಿ. ನಾತ ಇಲ್ಲ, ನೊಣ ಇಲ್ಲ. ಹುಣಸೆ ಮರದ ಕೆಳಗೆ ಬಿದ್ದ ಗೊರವಂಕ ಹಕ್ಕಿ ಬಿದ್ದ ಹಾಗೆಯೇ ಇತ್ತು, ಕಣ್ಣಿನ ಸುತ್ತಿನ ಹಳದಿ ಸಹ ಮಾಸಲಿಲ್ಲ. ಆಮೇಲೆ ಒಂದೊಂದೇ ಗೊತ್ತಾಗುತ್ತ ಬಂತು. ತಿಪ್ಪೆಗೆ ಹಾಕಿದ ಸಗಣಿ ಸಗಣಿಯಾಗಿಯೇ ಉಳಿಯಿತು, ಗೊಬ್ಬರವಾಗಲಿಲ್ಲ. ಉದುರಿದ ಎಲೆ ಎಲೆಯಾಗಿಯೇ ಉಳಿದು ಮೊಣಕಾಲುದ್ದ ಬಿತ್ತು. ಹೊಲದಲ್ಲಿ ರಾಗಿ ಗೇಣುದ್ದ ಎದ್ದು, ಹಳದಿಯಾಗಿ ನಿಂತುಬಿಟ್ಟಿತು. ಮಳೆ ಬಂದಿತ್ತು, ನೆಲಕ್ಕೆ ಮಾತ್ರ ಉಣ್ಣಲು ಏನೂ ಸಿಕ್ಕಿರಲಿಲ್ಲ.

ಗುಡ್ಡೆಗಳೂ ತಗ್ಗಲಿಲ್ಲ. ಒಂದು ಮಳೆಗಾಲ ಕಳೆಯಿತು, ಎರಡು ಕಳೆಯಿತು, ಮೂರು ಕಳೆಯಿತು. ಆ ನಡುವೆ ಊರಿನಲ್ಲಿ ಯಾರು ಸತ್ತರೂ ಆ ಮನೆಯ ಸೂತಕ ತೀರಲಿಲ್ಲ. ಬೋರಕ್ಕನ ಗಂಡ ಸತ್ತ. ಮಗಳ ಮದುವೆ ಗೊತ್ತಾಗಿತ್ತು, ನಿಂತುಹೋಯಿತು. ಗಂಡಿನ ಕಡೆಯವರು ಎರಡು ವರ್ಷ ಕಾದು ಬೇರೆ ಕಡೆ ಹೋದರು. ಊರಿಗೆ ಊರೇ ಹೂವು ಮುಡಿಯದೆ, ಚಪ್ಪರ ಹಾಕದೆ, ಅಳುವುದನ್ನೂ ಮುಗಿಸಲಾಗದೆ ಕೂತಿತು. ಯಾಕೆ ಹೀಗಾಯಿತು ಅಂತ ಯಾರಿಗೂ ತಿಳಿಯದು. ತಿಳಿದವಳು ಒಬ್ಬಳೇ. ಅವಳು ಬಾಯಿ ಬಿಡಲಿಲ್ಲ.

ಕೊಟ್ಟಿಗೆಯಲ್ಲಿ ಸುರುಳಿ ಹುಲ್ಲಿನ ಕರುವನ್ನು ನೆಕ್ಕುತ್ತಲೇ ಇತ್ತು. ನೆಕ್ಕಿ ನೆಕ್ಕಿ ತೊಗಲಿನ ಕೂದಲೆಲ್ಲ ಹೋಗಿತ್ತು. ಏನೂ ಮುಗಿಯದ ಊರಿನಲ್ಲಿ ಹಾಲಿಗೂ ಕೊನೆಯಿರಲಿಲ್ಲ, ನೀರಿನ ಹಾಗೆ ತೆಳ್ಳಗೆ ಬರುತ್ತಲೇ ಇತ್ತು. ಎಮ್ಮೆ ಮತ್ತೆ ಬೆದೆಗೆ ಬರಲಿಲ್ಲ. ಮೇವು ಮುಂದೆ ಹಾಕಿದರೆ ಮೊದಲು ಕರುವಿನ ಕಡೆ ತಳ್ಳುತ್ತಿತ್ತು. ಕರು ತಿನ್ನುವುದಿಲ್ಲ. ಆಮೇಲೆ ತಾನೂ ಸರಿಯಾಗಿ ತಿನ್ನುವುದಿಲ್ಲ. ಪಕ್ಕೆಲುಬು ಎಣಿಸುವ ಹಾಗಾಯಿತು.

ಸಣ್ಣೀರವ್ವ? ಅವಳು ದಿನಾ ಹೊಂಗೆ ಮರದ ಕೆಳಗೆ ಹೋಗುತ್ತಿದ್ದಳು. ಗುಡ್ಡೆಯ ಮೇಲೆ ಕಿವಿ ಇಟ್ಟು ಮಲಗುತ್ತಿದ್ದಳು. ಕೆಳಗೆ ಮಗಳು ಇಟ್ಟ ಹಾಗೆ ಇದ್ದಾಳೆ, ಸೀರೆಯ ಬಣ್ಣ ಮಾಸಿಲ್ಲ, ಜಡೆ ಬಿಚ್ಚಿಲ್ಲ ಅಂತ ಅವಳಿಗೆ ಗೊತ್ತು. ಇವತ್ತು ಸಾರು ಏನು ಮಾಡಿದೆ, ಬೋರಿ ಏನಂದಳು, ನಿನ್ನ ಮಗಳು ಎಷ್ಟುದ್ದ ಆದಳು ಅಂತ ವರದಿ ಒಪ್ಪಿಸುತ್ತಿದ್ದಳು. ಮಗಳು ಸತ್ತ ದಿನದಿಂದ ಅವಳು ಒಂದು ಹನಿ ಅತ್ತಿರಲಿಲ್ಲ. ಎದುರಿಗೇ ಇರುವವಳಿಗೆ ಅಳುವುದು ಏನು?

ಚೆನ್ನಿಗೆ ಮೂರು ತುಂಬಿತು. ಒಂದು ದಿನ ಬೆಳಗ್ಗೆ ಒಳಲೆಯನ್ನು ಕೈಯಿಂದ ಆಚೆ ತಳ್ಳಿದಳು. ಹಾಲು ಬೇಡ, ಮುದ್ದೆ ಕೊಡು ಅಂದಳು. ಮಾರನೇ ದಿನವೂ ತಳ್ಳಿದಳು. ಮೂರನೇ ದಿನ ಒಳಲೆಯನ್ನು ಬೋರಲು ಹಾಕಿ ಅದರ ಮೇಲೆ ಕಲ್ಲಿಟ್ಟು ಆಡಿದಳು.

ಹೊಸಿಲ ಮೇಲೆ ಹುಳ.

"ಮಗು ಹಾಲು ಬಿಟ್ಟಿತು. ಮಾತು ಮುಗಿಯಿತು."

ಸಣ್ಣೀರವ್ವ ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಆ ಹಾಲು ಬಿಡೋದಲ್ಲ."

"ಮತ್ತೆ ಯಾವುದು?"

"ನನ್ನ ಮಗಳ ಗುಡ್ಡೆ ಮೇಲೆ ಹಾಲು ಬಿಡೋದು. ಮೂರನೇ ದಿನ ಬಿಡ್ಲಿಲ್ಲ, ನೀರು ಬಿಟ್ಟೆ. ಹಾಲು ಇನ್ನೂ ಬಾಕಿ ಐತೆ. ಅದು ಬಿಡೋ ತನಕ."

"ಯಾವತ್ತು ಬಿಡುತ್ತೀಯ?"

"ಬಿಡೋ ದಿನ ಬಿಡ್ತೀನಿ."

ಹುಳ ಹೊಸಿಲ ಅಂಚಿನ ತನಕ ಹೋಗಿ ತಿರುಗಿತು. "ಮೊದಲ ಸಲ ನೀನು ಹೇಳಿದ್ದು ನಿನ್ನ ಮನಸ್ಸಿನಲ್ಲಿತ್ತು, ಬಾಯಲ್ಲಿರಲಿಲ್ಲ. ಈ ಸಲ ಹೇಳಿದ್ದು ಬಾಯಲ್ಲಿದೆ, ಮನಸ್ಸಿನಲ್ಲಿಲ್ಲ," ಅಂದಿತು. "ಆದರೂ ಮಾತು ಮಾತೇ. ಹೋಗುತ್ತೇನೆ."

ನೋಡಿ, ಒಂದು ಹುಳ ಮಾತಿಗೆ ಕಟ್ಟುಬಿತ್ತು. ಮನುಷ್ಯಳು ಮಾತನ್ನು ಕಟ್ಟಿಹಾಕಿದಳು. ಅವಳನ್ನು ನಾನು ಬೈಯುತ್ತಿಲ್ಲ. ಆದರೆ ತಪ್ಪು ತಪ್ಪೇ. ಮಗುವಿಗಾಗಿ ಕೇಳಿದ್ದು ನ್ಯಾಯ, ಮಗು ಬದುಕಿತು. ಆಮೇಲೆ ಅವಳು ಹಿಡಿದುಕೊಂಡದ್ದು ಮಗುವಿಗಾಗಿ ಅಲ್ಲ.

ಆ ವರ್ಷ ದುರುಗಜ್ಜ ಹಾಸಿಗೆ ಹಿಡಿದ. ಸಣ್ಣೀರವ್ವನಿಗೆ ಹೇಳಿ ಕಳಿಸಿದ. ಅವಳು ಹೋಗಿ ಬಾಗಿಲಲ್ಲಿ ಕೂತಳು. ಊರಿಗೆ ಯಾಕೆ ಹೀಗಾಯಿತು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಆದರೆ ಜೀವಮಾನವೆಲ್ಲ ತೊಗಲಿನ ಜೊತೆ ಕಳೆದವನು. ಆರು ತಿಂಗಳಿಗೆ ಹುಳ ಬೀಳಬೇಕಾದ ಕರು ನಾಲ್ಕನೇ ವರ್ಷವೂ ನಿಂತಿದೆ ಅಂದರೆ ಅವನಿಗೆ ಗೊತ್ತಾಗದೆ ಇರುತ್ತದೆಯೇ?

"ತಾಯಿ," ಅಂದ. "ಹದ ಮಾಡಿದ ತೊಗಲು ಎಷ್ಟು ವರ್ಷ ನಿಂತ್ರೂ ಅದು ಕರು ಅಲ್ಲ. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ನಾನು ಇನ್ನೊಂದು ವಾರ ಇರ್ತೀನೋ ಏನೋ. ನನ್ನನ್ನ ಹುಲ್ಲು ತುಂಬಿದ ಕರು ಮಾಡಬ್ಯಾಡ. ನನ್ನನ್ನ ಹೋಗಕ್ಕೆ ಬಿಡು."

ಸಣ್ಣೀರವ್ವ ನೆಲಕ್ಕೆ ಕೈ ಊರಿದಳು. ಎದ್ದು ಬಂದಳು.

ದಾರಿಯಲ್ಲಿ ಬೋರಕ್ಕ ಸಿಕ್ಕಳು. ಹರಿದ ಸೀರೆ, ಬರೀ ಹಣೆ. ಅವಳ ನಾಲಿಗೆ ಈಗ ಮೊದಲಿನಷ್ಟು ಆಡುತ್ತಿರಲಿಲ್ಲ. ಆದರೂ ಅಂದಳು. "ನೆನಪೈತೇನೆ ಸಣ್ಣೀರಿ? ನನ್ನ ಗಂಡ ಹುಲ್ಲಿನ ಕರು ಹಂಗಿರಬಾರದಾ ಅಂದಿದ್ದೆ. ಈಗ ಹಂಗೇ ಆದ ನೋಡು. ಮೇವು ಕೇಳಲ್ಲ, ಇಟ್ಟ ಕಡೆ ಇದ್ದಾನೆ. ಹೋಗೋದೂ ಇಲ್ಲ." ಈ ಸಲ ಇಬ್ಬರೂ ನಗಲಿಲ್ಲ.

ಸಣ್ಣೀರವ್ವ ಮನೆಗೆ ಬಂದರೆ ಚೆನ್ನಿ ಇಲ್ಲ. ಅಂಗಳದಲ್ಲಿ ಇಲ್ಲ, ಕೊಟ್ಟಿಗೆಯಲ್ಲಿ ಇಲ್ಲ, ಬಾವಿಯ ಹತ್ತಿರ ಇಲ್ಲ. ಕೊನೆಗೆ ಹೊಲದ ಬದುವಿಗೆ ಓಡಿದಳು.

ಮಗು ಗುಡ್ಡೆಯ ಪಕ್ಕ ಕೂತಿತ್ತು. ತನ್ನ ಪಾಲಿನ ಮುದ್ದೆಯಲ್ಲಿ ಅರ್ಧ ಮುರಿದು ಗುಡ್ಡೆಯ ಮೇಲೆ ಇಟ್ಟಿತ್ತು. ನಿನ್ನೆಯದೂ ಅಲ್ಲೇ ಇತ್ತು, ಮೊನ್ನೆಯದೂ ಅಲ್ಲೇ ಇತ್ತು. ಯಾವುದಕ್ಕೂ ಬೂಸಲು ಹಿಡಿದಿರಲಿಲ್ಲ, ಒಂದು ಇರುವೆ ಮುತ್ತಿರಲಿಲ್ಲ. ಮಗು ಲಂಗದ ಅಂಚಿನಿಂದ ಗುಡ್ಡೆಯ ಧೂಳು ಒರೆಸುತ್ತಿತ್ತು. ಮೇಲಿಂದ ಕೆಳಗೆ. ಮೇಲಿಂದ ಕೆಳಗೆ. ಮೇಲಿಂದ ಕೆಳಗೆ. ಹೀಗೆ ಒರೆಸುವುದನ್ನು ಸಣ್ಣೀರವ್ವ ಎಲ್ಲಿಯೋ ನೋಡಿದ್ದಳು. ನೆನಪಾಯಿತು. ಸುರುಳಿಯ ನಾಲಿಗೆ.

ಅವಳು ಹೋಗಿ ಮೊಮ್ಮಗಳ ಪಕ್ಕ ಕೂತಳು.

"ಅಜ್ಜಿ, ಅವ್ವ ಯಾವಾಗ ಏಳ್ತಾಳೆ?" ಅಂತ ಕೇಳಿತು ಮಗು. ಅವ್ವ ಮಲಗಿದ್ದಾಳೆ ಅಂತ ಅಜ್ಜಿಯೇ ಹೇಳಿಕೊಟ್ಟಿದ್ದಳಲ್ಲ.

ಅಜ್ಜಿ ಮಗುವಿನ ಲಂಗದ ಧೂಳು ಕೊಡವಿದಳು.

"ಅಜ್ಜಿ, ಸುರುಳಿ ಯಾಕೆ ಆ ಕರು ನೆಕ್ತದೆ?"

"ತನ್ನ ಕರು ಅಂತ."

"ಅದು ಹುಲ್ಲು ಅಲ್ವಾ?"

"ಹೂಂ. ಹುಲ್ಲು."

"ಸುರುಳಿಗೆ ಗೊತ್ತಿಲ್ವಾ?"

"ಇಲ್ಲ."

"ಯಾರು ಹೇಳಬೇಕು ಅಜ್ಜಿ?"

ಮಗು ಒರೆಸುವುದನ್ನು ನಿಲ್ಲಿಸಿ ಗುಡ್ಡೆಯನ್ನು ನೋಡಿತು. ಆಮೇಲೆ ಅಜ್ಜಿಯನ್ನು ನೋಡಿತು.

"ಅವ್ವನೂ ಹುಲ್ಲಾ?"

ಕೇಳಿದಿರಾ? ದುರುಗಜ್ಜ ಬೇಡಿದಾಗ ಅಲ್ಲಾಡದವಳು, ಬೋರಕ್ಕ ಚುಚ್ಚಿದಾಗ ಅಲ್ಲಾಡದವಳು, ಈ ಮಾತಿಗೆ ಎದ್ದಳು. ಎಮ್ಮೆಗೆ ಹೇಳಿದ ಸುಳ್ಳನ್ನೇ ಮಗುವಿಗೂ ಹೇಳಿದ್ದಳು. ಅದಕ್ಕಿಂತ ಮೊದಲು ತನಗೇ ಹೇಳಿಕೊಂಡಿದ್ದಳು. ಮೊಮ್ಮಗಳ ಕೈ ಹಿಡಿದು ಮನೆಗೆ ಬಂದಳು. ಮಗು ಕಲ್ಲಿಟ್ಟು ಆಡುತ್ತಿದ್ದ ಒಳಲೆಯನ್ನು ತೊಳೆದಳು. ಕೊಟ್ಟಿಗೆಗೆ ಹೋಗಿ ಸುರುಳಿಯ ಕೆಳಗೆ ಕೂತಳು. ಸುರುಳಿ ಹುಲ್ಲಿನ ಕರುವಿನ ಹಣೆ ನೆಕ್ಕಿತು, ಹಾಲು ಬಿಟ್ಟಿತು. ಒಂದು ಒಳಲೆ ತುಂಬುವಷ್ಟೇ ಕರೆದಳು. ಅದೇ ಕೊನೆಯ ಹಾಲು ಅಂತ ಅವಳಿಗೆ ಗೊತ್ತಿತ್ತು, ಎಮ್ಮೆಗೆ ಗೊತ್ತಿರಲಿಲ್ಲ.

ಹೊತ್ತು ಇಳಿಯುವ ಮೊದಲು ಅಜ್ಜಿ ಮೊಮ್ಮಗಳು ಮತ್ತೆ ಹೊಂಗೆ ಮರಕ್ಕೆ ಬಂದರು. ಸಣ್ಣೀರವ್ವ ಒಳಲೆ ಹಿಡಿದಳು. ಮೊದಲ ಸಲ ಬಗ್ಗಿದಳು, ಆಗಲಿಲ್ಲ. ಎರಡನೇ ಸಲ ಬಗ್ಗಿದಳು, ಆಗಲಿಲ್ಲ. ಮೂರನೇ ಸಲ ಚೆನ್ನಿ ತಾನೂ ಒಳಲೆಗೆ ಕೈ ಕೊಟ್ಟಳು.

"ದೇವೀರಿ, ಹಾಲು ಬಿಟ್ಟೆ ಕಣವ್ವ," ಅಂದಳು ಸಣ್ಣೀರವ್ವ. "ನಿನ್ನ ಮಗಳೂ ಬಿಟ್ಟಳು. ತಡವಾಯ್ತು. ಇನ್ನು ನೀನು ಹೋಗು."

ಹಾಲು ಮಣ್ಣಿನ ಮೇಲೆ ಒಂದು ಗಳಿಗೆ ಬೆಳ್ಳಗೆ ನಿಂತಿತು. ಆಮೇಲೆ ಇಳಿಯಿತು.

ಹೊಂಗೆಯ ಬೇರಿನ ಮೇಲೆ ಹುಳ ಕೂತಿತ್ತು. "ಈಗಲೋ?" ಅಂತ ಕೇಳಿತು. "ಈಗ," ಅಂದಳು. ಅವರಿಬ್ಬರ ನಡುವೆ ಅದೇ ಕೊನೆಯ ಮಾತು.

ಮನೆಗೆ ಬಂದು ಹುಲ್ಲಿನ ಕರುವಿನ ಹೊಟ್ಟೆಯ ಹೊಲಿಗೆಯನ್ನು ಸುರುಳಿಯ ಕಣ್ಣೆದುರಿಗೇ ಒಂದೊಂದಾಗಿ ಬಿಚ್ಚಿದಳು. ಕರು ಕುಸಿಯಿತು. ರಾಗಿ ಹುಲ್ಲು ನೆಲಕ್ಕೆ ಸುರಿಯಿತು. ಸುರುಳಿ ತೊಗಲನ್ನು ಮೂಸಿತು, ಹುಲ್ಲನ್ನು ಮೂಸಿತು, ಮತ್ತೆ ತೊಗಲನ್ನು ಮೂಸಿತು. ಆಮೇಲೆ ತಲೆ ಎತ್ತಿ ಒಂದು ಸಲ ಕೂಗಿತು. ನಾಲ್ಕು ವರ್ಷದ ಕೂಗು ಅದು, ಒಂದೇ ಸಲಕ್ಕೆ ಮುಗಿಯುತ್ತದೆಯೇ? ಮೂರು ದಿನ ಕೂಗಿತು. ನಾಲ್ಕನೇ ದಿನ ಅದಕ್ಕೆ ಹಸಿವಾಯಿತು. ಮುಂದೆ ಬಿದ್ದಿದ್ದ ಹುಲ್ಲನ್ನು ತಿಂದಿತು.

ತೊಗಲನ್ನು ಸಣ್ಣೀರವ್ವ ಹಿತ್ತಿಲಲ್ಲಿ ಹಾಸಿದಳು. ಮೊದಲು ನೊಣ ಬಂತು. ಆಮೇಲೆ ಇರುವೆ, ದೊಡ್ಡ ಹುಳಗಳು. ಎಲ್ಲರೂ ಎದ್ದ ಮೇಲೆ ಹುರುಳಿ ಕಾಳಿಗಿಂತ ಚಿಕ್ಕ ಹುಳಗಳು ತಲೆ ಬಗ್ಗಿಸಿಕೊಂಡು ಬಂದು, ಯಾರಿಗೂ ಬೇಡವಾದದ್ದನ್ನು ಉಂಡು ಹೋದವು. ಊರಿಗೆ ನಾತ ಬಂತು. ನಾಲ್ಕು ವರ್ಷದ ನಾತ. ಜನ ಮೂಗು ಮುಚ್ಚಿಕೊಂಡರು. ಆದರೆ ತಿಪ್ಪೆ ಒಳಗೊಳಗೇ ಬಿಸಿಯಾಯಿತು, ಸಗಣಿ ಕರಗಿ ಕಪ್ಪಾಯಿತು, ಎಲೆಯ ರಾಶಿ ಕುಸಿಯಿತು. ಹುಣಸೆ ಮರದ ಕೆಳಗಿನ ಹಕ್ಕಿ ಮೂರು ಗರಿ ಬಿಟ್ಟು ಮಾಯವಾಯಿತು.

ದುರುಗಜ್ಜ ಆ ವಾರವೇ ಹೋದ. ಅವನ ಮನೆಯವರು ಹಾಲು ಬಿಟ್ಟರು, ಅವನ ಗುಡ್ಡೆ ಒಂದು ಮಳೆಗಾಲಕ್ಕೆ ತಗ್ಗಿತು. ಬೋರಕ್ಕನ ಗಂಡನದೂ ತಗ್ಗಿತು. ಮಗಳಿಗೆ ಬೇರೆ ಗಂಡು ಬಂದ, ಅಂಗಳದಲ್ಲಿ ಚಪ್ಪರ ಎದ್ದಿತು. ಊರಿನ ಗುಡ್ಡೆ ಒಂದೊಂದಾಗಿ ಇಳಿದವು.

ದೇವೀರಿಯದು ಕೊನೆಗೆ. ಸಣ್ಣೀರವ್ವ ದಿನಾ ಬೆಳಗ್ಗೆ ಹೋಗಿ ಕೈ ಇಟ್ಟು ನೋಡುತ್ತಿದ್ದಳು. ಒಂದು ದಿನ ಮೊಣಕೈ ಎತ್ತರ. ಒಂದು ದಿನ ಗೇಣು. ಒಂದು ದಿನ ನಾಲ್ಕು ಬೆರಳು. ಒಂದು ಬೆಳಗ್ಗೆ ಗುಡ್ಡೆ ಇದ್ದ ಜಾಗಕ್ಕೆ ಕೈ ಚಾಚಿದಳು. ಕೈಗೆ ಏನೂ ಸಿಗಲಿಲ್ಲ. ಗಾಳಿ ದಾಟಿ ನೆಲಕ್ಕೆ ತಾಗಿತು.

ಅವತ್ತು ಅತ್ತಳು. ನಾಲ್ಕು ವರ್ಷದಿಂದ ಅಳದವಳು ಅವತ್ತು ಅತ್ತಳು. ಹೊಲದಲ್ಲಿದ್ದವರು ಕೇಳಿಸಿಕೊಂಡು ಕೆಲಸ ನಿಲ್ಲಿಸಿದರು. ಬೋರಕ್ಕ ಬಂದು ಪಕ್ಕದಲ್ಲಿ ಕೂತಳು, ಒಂದು ಮಾತೂ ಆಡಲಿಲ್ಲ. ಅವಳು ಮಾತಾಡದೆ ಕೂತದ್ದನ್ನು ಊರು ನೋಡಿದ್ದು ಅದೇ ಮೊದಲು, ಅದೇ ಕೊನೆ. ಚೆನ್ನಿ ಅಜ್ಜಿಯ ಕಣ್ಣು ಒರೆಸಿದಳು. ಒರೆಸಿ, ಅವ್ವ ತಲುಪಿದಳಾ ಅಂತ ಕೇಳಿದಳು. ತಲುಪಿದಳು ಮಗಾ ಅಂದಳು ಅಜ್ಜಿ. ಮಗು ಆಮೇಲೆ ಅಲ್ಲಿಗೆ ಮುದ್ದೆ ತರಲಿಲ್ಲ. ತನ್ನ ಪಾಲು ತಾನೇ ಪೂರ್ತಿ ತಿಂದಿತು.

ಇಷ್ಟೇ. ಈಗ ತಿಳಿಯಿತೇ ಮೂರನೇ ದಿನ ಹಾಲು ಯಾಕೆ ಬಿಡುವುದು ಅಂತ? ಹೋದವರು ಕುಡಿಯಲಿ ಅಂತ ಅಲ್ಲ. ಹೋದವರಿಗೆ ಬಾಯಾರಿಕೆ ಇರುವುದಿಲ್ಲ. ಕೊನೆಯ ಪಂಕ್ತಿಯವರು ಹೊರಗೆ ಕಾಯುತ್ತಿರುತ್ತಾರೆ. ನಾವು ಕೈ ಬಿಟ್ಟೆವು, ಇನ್ನು ನೀವು ಬನ್ನಿ ಅಂತ ಅವರಿಗೆ ಕೊಡುವ ಮಾತು ಅದು. ಕೊಟ್ಟ ಮಾತಿನಲ್ಲಿ ಅವರು ನಿಲ್ಲುತ್ತಾರೆ. ನಾವೂ ನಿಲ್ಲಬೇಕು.

ಅವಳ ಗುಡ್ಡೆ ಅಲ್ಲಿ ತಗ್ಗಿತು, ನನ್ನ ಕಥೆ ಇಲ್ಲಿ ತಗ್ಗಿತು. ಕಥೆಯಲ್ಲಿ ಮಿಕ್ಕಿದ್ದು ಏನಾದರೂ ಇದ್ದರೆ ಅದು ಹುಳದ ಪಾಲಿಗೆ.

ಅನ್ನ ಆಯಿತಂತೆ. ಏಳಿ, ಕೈ ತೊಳೆಯಿರಿ.

ಏನು ತಾಯಿ? ಹೂಂ ಅಂದೆಯಾ? ಸರಿ. ನೀನು ಕೂತಿರು. ನಿನ್ನ ಎಲೆಯನ್ನು ಇಲ್ಲಿಗೇ ತರುತ್ತಾರೆ.